ಸಂಶಯ ಮೊದಲು, ಯಂತ್ರ ಆಮೇಲೆ

(ನವಿ ಮುಂಬೈಯ ಕೋಪರಖೈರಣೆಯ ಒಂದು ಮಕ್ಕಳ ದವಾಖಾನೆ. ಬೆಳಗಿನ ರೋಗಿಗಳ ಸರದಿ ಮುಗಿದಿದೆ. ಮಾತನಾಡುತ್ತಿರುವವರು ಇಬ್ಬರು. ಒಬ್ಬರು ಕಲಬುರಗಿ ಜಿಲ್ಲೆಯಿಂದ ಬಂದು ಇಲ್ಲಿ ಸಂಸಾರ ಹೂಡಿರುವ ಆರು ತಿಂಗಳ ಗರ್ಭಿಣಿ; ಗಂಡ ವಾಶಿಯ ಎಪಿಎಂಸಿ ಮಾರುಕಟ್ಟೆಯಲ್ಲಿ ದುಡಿಯುತ್ತಾರೆ. ಇನ್ನೊಬ್ಬರು ಧಾರವಾಡದ ಕಡೆಯ ಹಿರಿಯ ಮಕ್ಕಳ ವೈದ್ಯೆ.)

ಗರ್ಭಿಣಿ: ನನಗೇನೂ ಕಾಯಿಲೆಯಿಲ್ಲ ಡಾಕ್ಟರ್. ಸ್ಕ್ಯಾನ್‌ನಲ್ಲೂ ಎಲ್ಲ ಸರಿಯಿದೆ ಅಂದಿದ್ದಾರೆ. ಆದರೂ ಬಂದೆ. ಊರಲ್ಲಿ ನಮ್ಮ ಅಕ್ಕನ ಎರಡು ಕೂಸು ಹೋದವು. ಹುಟ್ಟಿದಾಗ ಎರಡೂ ಮೈಕೈ ತುಂಬಿಕೊಂಡಿದ್ದವು. ವಾರ ತುಂಬಲಿಲ್ಲ. ನನ್ನ ಕೂಸಿಗೂ ಹಾಗೇ ಆದರೆ ಅನ್ನೋ ಭಯ.

ವೈದ್ಯೆ: ಮೊದಲ ಎರಡು ದಿನ ಹಾಲು ಕುಡಿದವೇ?

ಗರ್ಭಿಣಿ: ಚೆನ್ನಾಗಿ ಕುಡಿದವು. ಮೂರನೇ ದಿನ ಎಬ್ಬಿಸಿದರೂ ಏಳಲಿಲ್ಲ. ಬಾಯಿಗೆ ಹಾಲು ಬಿಟ್ಟರೆ ಕಟವಾಯಿಂದ ಇಳಿದುಹೋಗುತ್ತಿತ್ತು. ಆಮೇಲೆ ಏದುಸಿರು. ಆಸ್ಪತ್ರೆಯಲ್ಲಿ ರಕ್ತಕ್ಕೆ ನಂಜೇರಿದೆ ಅಂದರು. ಎರಡನೆಯದಕ್ಕೂ ಅದೇ ಮಾತು.

ವೈದ್ಯೆ: ಗಂಡೋ, ಹೆಣ್ಣೋ?

ಗರ್ಭಿಣಿ: ಮೊದಲನೆಯದು ಗಂಡು, ಎರಡನೆಯದು ಹೆಣ್ಣು. ಅದನ್ನು ಯಾಕೆ ಕೇಳ್ತೀರಿ?

ವೈದ್ಯೆ: ಬರೀ ಗಂಡುಕೂಸುಗಳೇ ಹೀಗೆ ಹೋಗಿದ್ದರೆ ನಾನು ಬೇರೊಂದು ದಾರಿಯಲ್ಲಿ ಯೋಚಿಸುತ್ತಿದ್ದೆ. ತಾಯಿಯ ಎಕ್ಸ್ ವರ್ಣತಂತುವಿನಿಂದ ಬಂದು ಹೆಚ್ಚಾಗಿ ಗಂಡುಮಕ್ಕಳನ್ನೇ ಹಿಡಿಯುವ ಕಾಯಿಲೆಗಳಿವೆ. ಗಂಡು ಹೆಣ್ಣು ಎರಡಕ್ಕೂ ಬಂದಿದೆ ಅಂದರೆ ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದಿರುವ ಸಾಧ್ಯತೆ ಹೆಚ್ಚು. ಅಕ್ಕನ ಮದುವೆ ಸಂಬಂಧದಲ್ಲೇ ಆಗಿದ್ದೇ?

ಗರ್ಭಿಣಿ: ಸೋದರಮಾವನ ಜೊತೆಗೇ. ಅವ್ವನ ದೊಡ್ಡ ತಮ್ಮ. ನನ್ನನ್ನು ಕೊಟ್ಟಿದ್ದು ಸಣ್ಣ ತಮ್ಮನಿಗೆ. ಅಕ್ಕತಂಗಿ ಇಬ್ಬರೂ ಒಂದೇ ಮನೆಗೆ ಸೊಸೆಯಂದಿರಾದೆವು. ಆಸ್ತಿ ಹೊರಗೆ ಹೋಗಲಿಲ್ಲ, ಮಕ್ಕಳು ಕಣ್ಣೆದುರೇ ಉಳಿದರು ಅಂತ ಎಲ್ಲರಿಗೂ ಸಂತೋಷ.

ವೈದ್ಯೆ: ಆಸ್ಪತ್ರೆಯ ಕಾಗದ ಏನಾದರೂ ಉಳಿದಿದೆಯೇ?

ಗರ್ಭಿಣಿ: ಎರಡನೇ ಕೂಸಿನದು ಭಾವ ಫೋನಿನಲ್ಲಿ ಕಳಿಸಿದ್ದಾರೆ. ನೋಡಿ.

ವೈದ್ಯೆ: ಹುಟ್ಟಿದ ತೂಕ ಮೂರು ಕಿಲೋ. ರಕ್ತದ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ. ಅಂದರೆ ನಂಜಿನ ಕ್ರಿಮಿ ಸಿಕ್ಕಿಲ್ಲ. ಬಿಳಿ ರಕ್ತಕಣ ಕಡಿಮೆ, ಪ್ಲೇಟ್ಲೆಟ್ ನಲವತ್ತು ಸಾವಿರ. ಇಲ್ಲಿ ನೋಡಿ, ಬ್ಲಡ್ ಗ್ಯಾಸ್: ಪಿಎಚ್ 7.08, ಬೈಕಾರ್ಬೊನೇಟ್ 6. ಕೂಸಿನ ರಕ್ತದಲ್ಲಿ ವಿಪರೀತ ಆಮ್ಲ ತುಂಬಿತ್ತು. ಏದುಸಿರು ಬಂದದ್ದು ಅದಕ್ಕೇ. ಆಮ್ಲವನ್ನು ಉಸಿರಿನ ಮೂಲಕ ಹೊರಹಾಕಲು ಆ ಪುಟ್ಟ ಮೈ ಹೆಣಗಿದೆ. ಅಮೋನಿಯಾ ಪರೀಕ್ಷೆ ಮಾಡಿಸಿದ ಗುರುತು ಎಲ್ಲೂ ಇಲ್ಲ. ಮೂತ್ರದ ಪರೀಕ್ಷೆಯೂ ಇಲ್ಲ.

ಗರ್ಭಿಣಿ: ಹಾಗಾದರೆ ನಂಜಲ್ಲವೇ?

ವೈದ್ಯೆ: ನಂಜಲ್ಲವೆಂದು ಒಂದು ಕಾಗದ ನೋಡಿ ಹೇಳಲಾರೆ. ನವಜಾತ ಶಿಶುವಿನಲ್ಲಿ ನಂಜು ತುಂಬ ಸಾಮಾನ್ಯ, ಚಯಾಪಚಯದ ಹುಟ್ಟುಕಾಯಿಲೆ, ಅಂದರೆ ಮೈ ಆಹಾರವನ್ನು ಒಡೆದು ಬಳಸುವ ಕೆಲಸದಲ್ಲೇ ಇರುವ ದೋಷ, ಅಪರೂಪ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಹಾಲು ಬಿಡುವುದು, ಮಂಕು ಹಿಡಿಯುವುದು, ವಾಂತಿ, ಏದುಸಿರು, ಫಿಟ್ಸ್ ಎರಡರಲ್ಲೂ ಬರುತ್ತವೆ. ಕೆಲವು ಸಾವಯವ ಆಮ್ಲಗಳ ಕಾಯಿಲೆಗಳಲ್ಲಿ ಮೂಳೆಮಜ್ಜೆಯೂ ಸೋಲುತ್ತದೆ. ಆಗ ಬಿಳಿಕಣ, ಪ್ಲೇಟ್ಲೆಟ್ ಎರಡೂ ಕುಸಿದು, ನೋಡಿದವರಿಗೆ ನಂಜೇ ಅನ್ನಿಸುತ್ತದೆ. ಗ್ಯಾಲಕ್ಟೋಸೀಮಿಯಾ ಅನ್ನೋ ಕಾಯಿಲೆಯಲ್ಲಂತೂ ಇ. ಕೋಲಿ ಬ್ಯಾಕ್ಟೀರಿಯಾದ ನಂಜು ನಿಜವಾಗಿಯೂ ಜೊತೆಗೇ ಬರಬಹುದು. ಹಾಗಾಗಿ ಆ್ಯಂಟಿಬಯಾಟಿಕ್ ಕೊಟ್ಟದ್ದು ತಪ್ಪಲ್ಲ, ಕೊಡಲೇಬೇಕಿತ್ತು. ಅದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಚೆನ್ನಾಗಿ ಹುಟ್ಟಿ, ಚೆನ್ನಾಗಿ ಹಾಲು ಕುಡಿದ ಕೂಸು ಮೂರನೇ ದಿನಕ್ಕೆ ಯಾಕೆ ಬಾಡಿತು? ಮೊದಲನೆಯದೂ ಹೀಗೇ ಹೋಗಿತ್ತಲ್ಲ?

ಗರ್ಭಿಣಿ: ಕಾಯಿಲೆ ಹುಟ್ಟಿನಿಂದಲೇ ಇದ್ದರೆ ಮೊದಲ ದಿನವೇ ಯಾಕೆ ತೋರಲಿಲ್ಲ?

ವೈದ್ಯೆ: ಹೊಟ್ಟೆಯೊಳಗಿರುವಾಗ ತಾಯಿಯ ಮಾಸು ಕೂಸಿನ ಮೈಯ ಕಸವನ್ನೆಲ್ಲ ತಾಯಿಯ ರಕ್ತಕ್ಕೆ ದಾಟಿಸುತ್ತಿರುತ್ತದೆ, ತಾಯಿಯ ಮೈ ಅದನ್ನು ತೊಳೆಯುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಕೂಸು ತಾನೇ ನಿಭಾಯಿಸಬೇಕು. ಹಾಲಿನ ಪ್ರೋಟೀನನ್ನು ಮೈ ಒಂದು ಸರಣಿಯಲ್ಲಿ ಒಡೆಯುತ್ತಾ ಹೋಗುತ್ತದೆ, ಒಂದೊಂದು ಹಂತಕ್ಕೂ ಒಂದೊಂದು ಕಿಣ್ವ. ನಮ್ಮ ಟ್ರಾನ್ಸ್‌ಹಾರ್ಬರ್ ಲೈನಿನಲ್ಲಿ ಘನ್ಸೋಲಿಯ ಸಿಗ್ನಲ್ ಕೆಟ್ಟರೆ ಹಿಂದೆ ರಬಾಳೆ, ಐರೋಲಿಯವರೆಗೂ ಗಾಡಿಗಳು ಸಾಲಾಗಿ ನಿಲ್ಲುತ್ತವೆ, ಮುಂದೆ ತುರ್ಭೆಯ ಪ್ಲಾಟ್‌ಫಾರ್ಮಿನಲ್ಲಿ ಜನ ಬರಿದೇ ಕಾಯುತ್ತಾರೆ. ಒಂದು ಕಿಣ್ವ ಕೆಟ್ಟರೂ ಅಷ್ಟೇ. ಅದರ ಹಿಂದೆ ವಿಷ ಜಮೆಯಾಗುತ್ತದೆ, ಅದರ ಮುಂದೆ ಬೇಕಾದದ್ದು ಸಿಗುವುದಿಲ್ಲ. ಜಮೆಯಾಗಲು ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ಕೂಸು ಎಲ್ಲರ ಕಣ್ಣಿಗೂ ಆರೋಗ್ಯವಾಗಿಯೇ ಕಾಣುತ್ತದೆ.

ಗರ್ಭಿಣಿ: ನಮ್ಮಜ್ಜಿ ಒಂದು ಮಾತು ಹೇಳಿದ್ದಳು. ಕೂಸಿನ ದುಪ್ಪಟಿಯಿಂದ ಏನೋ ಸಿಹಿ ವಾಸನೆ ಬರ್ತದೆ, ಪಾಕ ಸೀದ ಹಾಗೆ ಅಂತ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ವೈದ್ಯೆ: ಅಜ್ಜಿ ಹೇಳಿದ್ದು ದೊಡ್ಡ ಮಾತು. 1954ರಲ್ಲಿ ಅಮೆರಿಕದ ಜಾನ್ ಮೆಂಕಿಸ್ ಎಂಬ ವೈದ್ಯರು ಒಂದೇ ಮನೆಯ ನಾಲ್ಕು ಶಿಶುಗಳು ಹೀಗೆ ತೀರಿಕೊಂಡದ್ದನ್ನು ವರದಿ ಮಾಡಿದರು. ಮೂತ್ರಕ್ಕೆ ಅವರ ನಾಡಿನ ಮೇಪಲ್ ಮರದ ಪಾಕದ ವಾಸನೆಯಿತ್ತು. ಆ ಕಾಯಿಲೆಯ ಹೆಸರಿನಲ್ಲಿ ಇವತ್ತಿಗೂ ಆ ಪಾಕ ಉಳಿದುಕೊಂಡಿದೆ. ಇನ್ನೊಂದು ಕಾಯಿಲೆಯಲ್ಲಿ ಬೆವರಿದ ಕಾಲ್ಚೀಲದ ವಾಸನೆ ಬರುತ್ತದೆ. ಆದರೆ ಒಂದು ಕೇಳಬೇಕು. ಆಗ ಅಕ್ಕ ಬಾಣಂತಿಯ ಊಟದಲ್ಲಿ ಮೆಂತ್ಯ ತಿನ್ನುತ್ತಿದ್ದಳೇ?

ಗರ್ಭಿಣಿ: ತಿನ್ನದೆ ಇರ್ತಾಳೆಯೇ? ಹೆರಿಗೆ ನೋವು ಶುರುವಾಗುವ ಮೊದಲೇ ಅವ್ವ ಮೆಂತ್ಯದ ಉಂಡೆ, ಅಂಟಿನ ಉಂಡೆ ಎರಡನ್ನೂ ಡಬ್ಬಿಯಲ್ಲಿ ತುಂಬಿಟ್ಟಿದ್ದಳು. ಹಾಲು ಹೆಚ್ಚಲಿ ಅಂತ ದಿನಾ ಬೆಳಿಗ್ಗೆ ಒಂದೊಂದು.

ವೈದ್ಯೆ: ಮೇಪಲ್ ಪಾಕಕ್ಕೂ ಮೆಂತ್ಯಕ್ಕೂ ಆ ವಾಸನೆ ಕೊಡುವ ರಾಸಾಯನಿಕ ಒಂದೇ, ಸೊಟೊಲೋನ್. ಹೆರಿಗೆಗೆ ಮುಂಚೆ ತಾಯಿ ಮೆಂತ್ಯ ತಿಂದಿದ್ದರೂ ಆರೋಗ್ಯವಂತ ಕೂಸಿನ ಮೈಯಿಂದ, ಮೂತ್ರದಿಂದ ಅದೇ ವಾಸನೆ ಬರಬಹುದು. ಇದರಿಂದ ವೈದ್ಯರು ಗಾಬರಿಬಿದ್ದು, ಆಮೇಲೆ ಕೂಸಿಗೆ ಏನೂ ಇಲ್ಲವೆಂದು ತಿಳಿದ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಗಿವೆ. ಹಾಗಾಗಿ ನಾವು ಎರಡು ತಪ್ಪು ಮಾಡಬಾರದು. ವಾಸನೆ ಬಂತೆಂದು ಕಾಯಿಲೆಯ ಹೆಸರು ಅಂಟಿಸಬಾರದು. ಮೆಂತ್ಯ ತಿಂದಿದ್ದಾಳೆಂದು ಮಂಕು ಹಿಡಿದ ಕೂಸಿನ ಪರೀಕ್ಷೆ ಬಿಡಬಾರದು. ವಾಸನೆಯ ಜೊತೆಗೆ ಕೂಸು ಹಾಲು ಬಿಟ್ಟಿದ್ದರೆ ಆ ಹೊತ್ತಿಗೇ ರಕ್ತ ಹೋಗಬೇಕು.

ಗರ್ಭಿಣಿ: ಯಾವ ಪರೀಕ್ಷೆಗೆ? ನನಗೆ ಹೆಸರು ಬೇಕು. ಅಕ್ಕನಿಗೆ ಯಾರೂ ಏನೂ ಹೇಳಲಿಲ್ಲ.

ವೈದ್ಯೆ: ಬರೆದುಕೊಳ್ಳಿ. ಮೊದಲ ಗಂಟೆಯಲ್ಲಿ ಐದು: ಸಕ್ಕರೆ, ಬ್ಲಡ್ ಗ್ಯಾಸ್, ಅಮೋನಿಯಾ, ಲ್ಯಾಕ್ಟೇಟ್, ಮೂತ್ರದಲ್ಲಿ ಕೀಟೋನ್. ಇವು ದುಬಾರಿಯಲ್ಲ. ಅಮೋನಿಯಾಕ್ಕೆ ಮಾತ್ರ ಶಿಸ್ತು ಬೇಕು. ಕೈಗೆ ಬಿಗಿಯಾಗಿ ಪಟ್ಟಿ ಕಟ್ಟದೆ ರಕ್ತ ತೆಗೆದು, ನಳಿಗೆಯನ್ನು ಮಂಜುಗಡ್ಡೆಯಲ್ಲಿಟ್ಟು, ತಕ್ಷಣ ಯಂತ್ರಕ್ಕೆ ಒಯ್ಯಬೇಕು. ಅರ್ಧ ಗಂಟೆ ಮೇಜಿನ ಮೇಲೆ ಬಿದ್ದಿದ್ದರೆ ಲೆಕ್ಕ ಸುಳ್ಳಾಗುತ್ತದೆ. ನವಜಾತ ಶಿಶುವಿನಲ್ಲಿ ಲೀಟರಿಗೆ ನೂರು ಮೈಕ್ರೋಮೋಲ್‌ನ ಆಸುಪಾಸಿನವರೆಗೆ ಇರಬಹುದು. ಇನ್ನೂರು ದಾಟಿತೆಂದರೆ ಚಯಾಪಚಯದ ಕಾಯಿಲೆಯನ್ನು ಹುಡುಕಲೇಬೇಕು. ಅಮೋನಿಯಾ ಏರಿದ್ದು ಆಮ್ಲ ಇಲ್ಲದಿದ್ದರೆ ಯೂರಿಯಾ ಚಕ್ರದ ಕಡೆ ಬೆರಳು. ಅಮೋನಿಯಾ, ಆಮ್ಲ, ಕೀಟೋನ್ ಮೂರೂ ಇದ್ದರೆ ಪ್ರೊಪಿಯಾನಿಕ್, ಮೀಥೈಲ್‌ಮೆಲೋನಿಕ್‌ನಂಥ ಸಾವಯವ ಆಮ್ಲಗಳ ಕಾಯಿಲೆ. ನಿಮ್ಮ ಅಕ್ಕನ ಕೂಸಿನ ಕಾಗದ ನನ್ನನ್ನು ಒಯ್ಯುವುದು ಈ ಎರಡನೇ ದಾರಿಗೆ. ಆದರೆ ಅದು ಊಹೆ, ರೋಗನಿರ್ಣಯವಲ್ಲ.

ಗರ್ಭಿಣಿ: ನಿರ್ಣಯ ಆಗುವುದು ಹೇಗೆ?

ವೈದ್ಯೆ: ಹಿಮ್ಮಡಿ ಚುಚ್ಚಿ ಕೆಲವು ಹನಿ ರಕ್ತವನ್ನು ಶೋಧಕ ಕಾಗದದ ಮೇಲೆ ಒಣಗಿಸುತ್ತೇವೆ. ಬಿಸಿಲಿಗಿಡಬಾರದು, ನೆರಳಲ್ಲಿ ಮೂರು ನಾಲ್ಕು ಗಂಟೆ. ಆಮೇಲೆ ಅದನ್ನು ಲಕೋಟೆಯಲ್ಲಿ ಎಲ್ಲಿಗೆ ಬೇಕಾದರೂ ಕಳಿಸಬಹುದು. ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೀಟರ್ ಅನ್ನೋ ಯಂತ್ರ ಆ ಒಂದು ಚುಕ್ಕೆಯಿಂದಲೇ ಹತ್ತಾರು ಕಾಯಿಲೆಗಳ ಸುಳಿವು ಹಿಡಿಯುತ್ತದೆ. ಮೂತ್ರವನ್ನು ಬೇರೊಂದು ಯಂತ್ರ ನೋಡುತ್ತದೆ, ಯಾವ ಆಮ್ಲ ಅನ್ನುವುದನ್ನು ಹೇಳುತ್ತದೆ. ಕೊನೆಗೆ ಜೀನ್ ಪರೀಕ್ಷೆ ಮುದ್ರೆ ಒತ್ತುತ್ತದೆ. ಖರ್ಚು ಬೀಳುತ್ತದೆ ನಿಜ, ಆದರೆ ತೀವ್ರನಿಗಾ ಘಟಕದ ಬಿಲ್ಲಿನ ಪಕ್ಕದಲ್ಲಿಟ್ಟು ನೋಡಿದರೆ ರಕ್ತದ ಚುಕ್ಕೆಯ ಪರೀಕ್ಷೆ ಸಣ್ಣದು.

ಗರ್ಭಿಣಿ: ಇದೆಲ್ಲ ಮುಂಬೈಯಲ್ಲಿ ಸಾಧ್ಯ ಡಾಕ್ಟರ್. ಠಾಣೆ–ಬೇಲಾಪುರ ರಸ್ತೆಯಲ್ಲಿ ನಡೆದರೆ ಸಾಕು, ದೊಡ್ಡ ದೊಡ್ಡ ಲ್ಯಾಬುಗಳ ಫಲಕ. ನಮ್ಮೂರಲ್ಲಿ ಎಲ್ಲಿದೆ?

ವೈದ್ಯೆ: ಯಂತ್ರ ಊರಲ್ಲೇ ಇರಬೇಕಾಗಿಲ್ಲ. ಕಾಗದದ ಚುಕ್ಕೆ ಕೊರಿಯರ್‌ನಲ್ಲಿ ಹೋಗುತ್ತದೆ. ಗೋವಾ ಸರ್ಕಾರ 2008ರಲ್ಲಿ ತನ್ನ ರಾಜ್ಯದ ನವಜಾತ ಶಿಶುಗಳ ತಪಾಸಣೆ ಶುರುಮಾಡಿದಾಗ ರಕ್ತದ ಚುಕ್ಕೆಗಳು ಪರೀಕ್ಷೆಗೆ ಬೆಂಗಳೂರಿಗೆ ಹೋದವು. ಕೊರತೆ ಇರುವುದು ಸಂಶಯದಲ್ಲಿ. ಕೂಸಿನ ಹಾಸಿಗೆಯ ಪಕ್ಕ ನಿಂತವರಿಗೆ, ಇದು ಅದಾಗಿರಬಹುದೇ ಅನ್ನಿಸಬೇಕು. ಅನ್ನಿಸಿದರೆ ಚುಕ್ಕೆ ಹೋಗುತ್ತದೆ, ಅನ್ನಿಸದಿದ್ದರೆ ಲ್ಯಾಬು ಎದುರು ಬೀದಿಯಲ್ಲಿದ್ದರೂ ಹೋಗುವುದಿಲ್ಲ. ಇದೇ ಕೋಪರಖೈರಣೆಯಲ್ಲೂ ಅದು ಆಗಬಹುದು.

ಗರ್ಭಿಣಿ: ಕನ್ನಡನಾಡಿನಲ್ಲಿ ಯಾರಿಗೂ ಇದು ಗೊತ್ತೇ ಇರಲಿಲ್ಲವೇ?

ವೈದ್ಯೆ: ನಮ್ಮವರಿಗೆ ಮೊದಲೇ ಗೊತ್ತಿತ್ತು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್, ಎ. ರಾಧಾ ರಮಾ ದೇವಿ ಮತ್ತು ಸಂಗಡಿಗರು ಕರ್ನಾಟಕದ ಸುಮಾರು ಒಂದು ಲಕ್ಷ ನವಜಾತ ಶಿಶುಗಳ ರಕ್ತದಲ್ಲಿ ಅಮೈನೋ ಆಮ್ಲಗಳ ದೋಷ ಹುಡುಕಿದರು. ಟ್ಯಾಂಡೆಮ್ ಯಂತ್ರ ಬರುವ ಮುಂಚಿನ ಮಾತು ಅದು. ಅದೇ ತಂಡ ರಾಜ್ಯದ 65 ಸಾವಿರ ಚಿಲ್ಲರೆ ಮದುವೆಗಳ ಲೆಕ್ಕ ತೆಗೆದು 1982ರಲ್ಲಿ ಪ್ರಕಟಿಸಿತು. ಅವುಗಳಲ್ಲಿ ಶೇ. 33ರಷ್ಟು ರಕ್ತಸಂಬಂಧದಲ್ಲೇ ಆದವು, ಹೆಚ್ಚಾಗಿ ಸೋದರಮಾವನ ಜೊತೆ ಇಲ್ಲವೇ ಅತ್ತೆ ಮಾವಂದಿರ ಮಕ್ಕಳ ಜೊತೆ. ಆಮೇಲೆ ರಾಧಾ ರಮಾ ದೇವಿಯವರು ಹೈದರಾಬಾದಿನ ಸರ್ಕಾರಿ ಹೆರಿಗೆ ಆಸ್ಪತ್ರೆಗಳ 18,300 ಶಿಶುಗಳನ್ನು ತಪಾಸಣೆ ಮಾಡಿಸಿದಾಗ ಸುಮಾರು ಸಾವಿರಕ್ಕೊಂದು ಕೂಸಿನಲ್ಲಿ ಚಯಾಪಚಯದ ಹುಟ್ಟುದೋಷ ಕಂಡಿತು. ಒಂದೊಂದು ಕಾಯಿಲೆಯೂ ಅಪರೂಪ. ಎಲ್ಲವನ್ನೂ ಕೂಡಿಸಿದರೆ ಅಪರೂಪ ಅನ್ನುವಂತಿಲ್ಲ. ಇಷ್ಟು ತಿಳಿದ ನಾಡಿನಲ್ಲಿ ಪ್ರತಿಯೊಂದು ಕೂಸಿನ ಹಿಮ್ಮಡಿಯ ರಕ್ತ ಇನ್ನೂ ಪರೀಕ್ಷೆಗೆ ಹೋಗುತ್ತಿಲ್ಲ ಅನ್ನುವುದು ನನಗೆ ನುಂಗಲಾರದ ಸಂಗತಿ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1963ರಲ್ಲೇ ಒಂದು ಕಾಯಿಲೆಗೆ ಅದನ್ನು ಕಡ್ಡಾಯ ಮಾಡಿತ್ತು.

ಗರ್ಭಿಣಿ: ಹಾಗಾದರೆ ತಪ್ಪು ನಮ್ಮ ಮದುವೆಯದ್ದು.

ವೈದ್ಯೆ: ಆ ಪದ ಬಿಡಿ. ಇಂಥ ಕೆಟ್ಟ ಜೀನ್ ಒಂದೆರಡಾದರೂ ನನ್ನಲ್ಲೂ ಇವೆ, ಈ ಬೀದಿಯಲ್ಲಿ ಹೋಗುವ ಪ್ರತಿಯೊಬ್ಬರಲ್ಲೂ ಇವೆ. ಒಂದೇ ಪ್ರತಿ ಕೆಟ್ಟಿದ್ದರೆ ಇನ್ನೊಂದು ಕೆಲಸ ಮಾಡುತ್ತದೆ, ಗೊತ್ತೇ ಆಗುವುದಿಲ್ಲ. ಗಂಡ ಹೆಂಡತಿ ಇಬ್ಬರಲ್ಲೂ ಅದೇ ಜೀನ್ ಕೆಟ್ಟಿದ್ದರೆ ಮಾತ್ರ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಒಂದೇ ಅಜ್ಜ ಅಜ್ಜಿಯ ಕುಡಿಗಳಾದಾಗ ಹಾಗೆ ಕೂಡಿಬರುವ ಸಾಧ್ಯತೆ ಹೆಚ್ಚುತ್ತದೆ. ಈ ಇಡೀ ವಿಜ್ಞಾನ ಶುರುವಾದದ್ದೇ ಅಲ್ಲಿಂದ. 1902ರಲ್ಲಿ ಲಂಡನ್ನಿನ ಆರ್ಚಿಬಾಲ್ಡ್ ಗ್ಯಾರಡ್, ಮೂತ್ರ ಕಪ್ಪಾಗುವ ಒಂದು ಕಾಯಿಲೆಯ ಮಕ್ಕಳ ತಂದೆತಾಯಂದಿರಲ್ಲಿ ಎಷ್ಟೋ ಮಂದಿ ಅಣ್ಣತಮ್ಮ ಅಕ್ಕತಂಗಿಯರ ಮಕ್ಕಳೇ ಎಂದು ಗಮನಿಸಿದರು. ಕಾಯಿಲೆ ಮನೆತನದಲ್ಲಿ ಹರಿದುಬರುತ್ತದೆ ಅನ್ನುವ ಎಳೆ ಅವರಿಗೆ ಸಿಕ್ಕಿದ್ದು ಹಾಗೆ. ಸಂಬಂಧದಲ್ಲಿ ಮದುವೆಯಾದವರ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ನಿಮ್ಮ ಮದುವೆಯನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಾಗದು. ಆ ಸುದ್ದಿಯನ್ನು ವೈದ್ಯರ ಕಿವಿಗೆ ಹಾಕುವುದು ಮಾತ್ರ ನಿಮ್ಮ ಕೈಯಲ್ಲಿದೆ.

ಗರ್ಭಿಣಿ: ಊರಲ್ಲಿ ಅಕ್ಕನ ಕಾಲ್ಗುಣ ಅಂದರು. ಬಾಲಗ್ರಹ ಅಂತ ತಾಯತ ಕಟ್ಟಿಸಿದರು, ಹರಕೆ ಹೊರಿಸಿದರು. ಅವಳು ಈಗ ಯಾರ ಮನೆಯ ತೊಟ್ಟಿಲಿಗೂ ಹೋಗುವುದಿಲ್ಲ. ಅವಳನ್ನು ಯಾರೂ ಕರೆಯುವುದೂ ಇಲ್ಲ.

ವೈದ್ಯೆ: ಅರ್ಧ ಪಾಲು ಅವಳ ಗಂಡನಿಂದ ಬಂದಿರುತ್ತದೆ. ಅವನ ಕಾಲ್ಗುಣದ ಮಾತು ಯಾರೂ ಎತ್ತಲಿಲ್ಲ. ಕಾಯಿಲೆಗೆ ಒಂದು ಹೆಸರು ಸಿಕ್ಕಿದ್ದರೆ ಆ ಹೆಣ್ಣಿನ ಮೇಲೆ ಇಷ್ಟು ಭಾರ ಬೀಳುತ್ತಿರಲಿಲ್ಲ. ರೋಗನಿರ್ಣಯ ಬರೀ ಔಷಧಿಗಾಗಿ ಅಂತ ಅನೇಕ ವೈದ್ಯರೂ ತಿಳಿದಿದ್ದಾರೆ. ಕೂಸು ಹೇಗೂ ಉಳಿಯುವುದಿಲ್ಲ, ಇನ್ನು ಪರೀಕ್ಷೆ ಯಾಕೆ ಅನ್ನುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಉಳಿಯದ ಕೂಸಿನಿಂದಲೂ ರಕ್ತದ ಒಂದು ಚುಕ್ಕೆ, ಸ್ವಲ್ಪ ಮೂತ್ರ, ಚರ್ಮದ ಒಂದು ಚೂರು ತೆಗೆದಿಡಬೇಕು. ತಾಯ್ತಂದೆಗೆ ಸಮಾಧಾನದಿಂದ ತಿಳಿಸಿ, ಒಪ್ಪಿಗೆ ಪಡೆದು ತೆಗೆದಿಡಬೇಕು. ಮುಂದಿನ ಕೂಸಿಗೆ ಅದೇ ಆಧಾರ.

ಗರ್ಭಿಣಿ: ಅಕ್ಕನ ಕೂಸುಗಳದ್ದು ಏನೂ ಉಳಿದಿಲ್ಲವಲ್ಲ. ಇನ್ನೇನು ಮಾಡುವುದು?

ವೈದ್ಯೆ: ಅಕ್ಕ, ಭಾವ ಇದ್ದಾರಲ್ಲ. ಇಬ್ಬರ ರಕ್ತದಲ್ಲಿ ಜೀನ್‌ಗಳನ್ನು ಓದಿಸಬಹುದು. ಚಯಾಪಚಯದ ಒಂದೇ ಜೀನ್ ಇಬ್ಬರಲ್ಲೂ ಕೆಟ್ಟದ್ದು ಕಂಡರೆ, ಕಾಗದದಲ್ಲಿರುವ ಆಮ್ಲದ ಲೆಕ್ಕಕ್ಕೂ ಅದಕ್ಕೂ ತಾಳೆ ನೋಡಬಹುದು. ಆಮೇಲೆ ನಿಮ್ಮದು, ನಿಮ್ಮ ಯಜಮಾನರದು. ಈಗ ಏನೂ ತಿಳಿಯದೆ ಲೆಕ್ಕ ಹಾಕಿದರೆ ಹೀಗೆ: ನೀವು ಆ ಜೀನ್ ಹೊತ್ತಿರುವ ಸಾಧ್ಯತೆ ಅರ್ಧ, ನಿಮ್ಮ ಯಜಮಾನರದೂ ಅರ್ಧ, ಇಬ್ಬರೂ ಹೊತ್ತಿದ್ದರೆ ಕೂಸಿಗೆ ಕಾಲುಭಾಗ. ಒಟ್ಟು ಹದಿನಾರರಲ್ಲಿ ಒಂದು. ಪರೀಕ್ಷೆಯಾದ ಮೇಲೆ ಅದು ನಾಲ್ಕರಲ್ಲಿ ಒಂದಾಗಬಹುದು, ಇಲ್ಲವೇ ಅಪಾಯವೇ ಇಲ್ಲವೆಂದಾಗಬಹುದು. ವರದಿಗೆ ಕೆಲವು ವಾರ ಬೇಕು. ನಿಮ್ಮ ಹೆರಿಗೆಗೆ ಮೂರು ತಿಂಗಳಿದೆ. ಈ ವಾರವೇ ಶುರುಮಾಡಬೇಕು.

ಗರ್ಭಿಣಿ: ಹೊಟ್ಟೆಯಲ್ಲಿರುವಾಗಲೇ ಕೂಸಿನ ಪರೀಕ್ಷೆ ಆಗುವುದಿಲ್ಲವೇ? ಅದು ಕಾನೂನಿಗೆ ವಿರುದ್ಧ ಅಂತಾರೆ.

ವೈದ್ಯೆ: ಕಾನೂನು ನಿಷೇಧಿಸಿರುವುದು ಲಿಂಗ ಪತ್ತೆಯನ್ನು. 1994ರ ಆ ಕಾಯ್ದೆಯೇ ಯಾವ ಯಾವ ಕಾರಣಕ್ಕೆ ಗರ್ಭದ ಪರೀಕ್ಷೆ ಮಾಡಬಹುದೆಂದು ಪಟ್ಟಿ ಕೊಟ್ಟಿದೆ, ಆನುವಂಶಿಕ ಚಯಾಪಚಯ ಕಾಯಿಲೆಗಳ ಹೆಸರು ಅದರಲ್ಲಿದೆ. ಆದರೆ ಯಾವ ಜೀನ್ ಅಂತ ಮೊದಲೇ ತಿಳಿದಿರಬೇಕು. ತಿಳಿದಿದ್ದರೆ ಹನ್ನೊಂದು ವಾರದ ಸುಮಾರಿಗೆ ಮಾಸಿನ ಚೂರು ತೆಗೆದು ನೋಡಬಹುದಿತ್ತು. ನಿಮಗೆ ಆ ಹೊತ್ತು ದಾಟಿದೆ. ಅಕ್ಕ ಮತ್ತೆ ಬಸಿರಾಗುವ ಮನಸ್ಸು ಮಾಡಿದರೆ ಅವಳಿಗೆ ಅದು ದೊರೆಯಬೇಕು. ಅದಕ್ಕೂ ಬೇಕಾದದ್ದು ಅದೇ ಹೆಸರು.

ಗರ್ಭಿಣಿ: ನನ್ನ ಕೂಸು ಹುಟ್ಟಿದ ಮೇಲೆ?

ವೈದ್ಯೆ: ಹೆರಿಗೆಗೆ ಎಲ್ಲಿಗೆ ಹೋಗಬೇಕೆಂದಿದ್ದೀರಿ?

ಗರ್ಭಿಣಿ: ತವರಿಗೆ. ಚೊಚ್ಚಲು. ಅವ್ವ ಈಗಾಗಲೇ ಕೋಣೆಗೆ ಸುಣ್ಣ ಹೊಡೆಸಿದ್ದಾಳೆ.

ವೈದ್ಯೆ: ಈ ಒಂದು ಸಲ ಅವ್ವ ಇಲ್ಲಿಗೆ ಬರಲಿ. ರಾತ್ರಿ ಎರಡು ಗಂಟೆಗೂ ಅಮೋನಿಯಾ ನೋಡಬಲ್ಲ, ನವಜಾತ ಶಿಶುಗಳ ತೀವ್ರನಿಗಾ ಘಟಕ ಇರುವ ಆಸ್ಪತ್ರೆಯಲ್ಲೇ ಹೆರಿಗೆಯಾಗಬೇಕು. ಎರಡನೇ ದಿನಕ್ಕೆ ಮನೆಗೆ ಕಳಿಸುವ ಅವಸರ ಬೇಡ, ಮೊದಲ ವಾರ ವೈದ್ಯರ ಕಣ್ಣೆದುರಿರಲಿ. ಒಂದು ದಿನ ತುಂಬಿದ ಕೂಡಲೇ ರಕ್ತದ ಚುಕ್ಕೆ ಹೋಗಲಿ, ಇನ್ನೊಂದು ಮೂರನೇ ದಿನ. ಕೂಸು ಹಾಲು ಬಿಟ್ಟರೆ, ಮಂಕಾದರೆ, ಆ ವರದಿಗಾಗಿ ಕಾಯುವಂತಿಲ್ಲ. ಆಗ ಆ ಐದು ಪರೀಕ್ಷೆ. ಜೊತೆಜೊತೆಗೆ ಪ್ರೋಟೀನ್ ನಿಲ್ಲಿಸಿ ಗ್ಲೂಕೋಸ್ ಹತ್ತಿಸುತ್ತಾರೆ. ಅದು ಒಂದೆರಡು ದಿನಕ್ಕೆ ಮಾತ್ರ, ವೈದ್ಯರ ನಿಗಾದಲ್ಲಿ. ನೀವಾಗಿ ಎದೆಹಾಲು ನಿಲ್ಲಿಸಕೂಡದು. ಕೆಲವು ಕಾಯಿಲೆಗಳಲ್ಲಿ ಕಾರ್ನಿಟಿನ್, ಕೆಲವಕ್ಕೆ ಸೋಡಿಯಂ ಬೆಂಜೊಯೇಟ್, ಅಮೋನಿಯಾ ತೀರ ಏರಿದರೆ ಡಯಾಲಿಸಿಸ್. ಮೀಥೈಲ್‌ಮೆಲೋನಿಕ್ ಕಾಯಿಲೆಯ ಒಂದು ಬಗೆಗೆ ಬಿ12 ಚುಚ್ಚುಮದ್ದೇ ಔಷಧ. ಬಯೋಟಿನಿಡೇಸ್ ಕೊರತೆಯಿರುವ ಕೂಸಿಗಂತೂ ಬಯೋಟಿನ್ ಎಂಬ ಅಗ್ಗದ ವಿಟಮಿನ್ ದಿನವೂ ಕೊಟ್ಟರೆ ಫಿಟ್ಸ್ ನಿಲ್ಲುತ್ತದೆ, ಉದುರಿದ ಕೂದಲು ಬರುತ್ತದೆ. ತಡವಾದರೆ ಮಾತ್ರ ಕಿವಿ, ಕಣ್ಣಿಗೆ ಆದ ಹಾನಿ ಹಿಂದಿರುಗುವುದಿಲ್ಲ. ಅಷ್ಟು ಸುಲಭದ ಔಷಧಿಗೂ ಅಷ್ಟು ದೊಡ್ಡ ನಷ್ಟಕ್ಕೂ ನಡುವೆ ಇರುವುದು ಒಂದು ಚುಕ್ಕೆ ರಕ್ತ.

ಗರ್ಭಿಣಿ: ನಾನು ಈಗ ಮಾಡಬೇಕಾದದ್ದು ಇನ್ನೇನಾದರೂ ಇದೆಯೇ?

ವೈದ್ಯೆ: ಮೊಟ್ಟೆ, ಮಾಂಸ ತಿನ್ನುತ್ತೀರಾ?

ಗರ್ಭಿಣಿ: ನಮ್ಮ ಮನೆಯಲ್ಲಿ ಇಲ್ಲ. ಹಾಲು ಮೊಸರು ಕೂಡ ಈ ಊರಿನ ದರದಲ್ಲಿ ಕಡಿಮೆಯೇ.

ವೈದ್ಯೆ: ಹಾಗಾದರೆ ನಿಮ್ಮ ಬಿ12 ಇವತ್ತೇ ನೋಡಿಸಿ. ತಾಯಿಗೆ ಬಿ12 ಕಡಿಮೆಯಿದ್ದರೆ ಕೂಸಿನ ರಕ್ತದಲ್ಲೂ ಮೀಥೈಲ್‌ಮೆಲೋನಿಕ್ ಆಮ್ಲ ಏರುತ್ತದೆ, ವರದಿ ನೋಡಿದರೆ ಹುಟ್ಟುಕಾಯಿಲೆಯೆಂದೇ ಅನ್ನಿಸುತ್ತದೆ. ಶಾಕಾಹಾರಿ ಮನೆಗಳಲ್ಲಿ ಈ ಗೊಂದಲ ಹೆಚ್ಚು. ಕೊರತೆಯಿದ್ದರೆ ಈಗಲೇ ಚುಚ್ಚುಮದ್ದು ಕೊಟ್ಟು ಸರಿಪಡಿಸೋಣ. ಅದು ಕೂಸಿನ ಮಿದುಳಿಗೂ ಒಳ್ಳೆಯದು. ಮೆಂತ್ಯದ ಉಂಡೆಯನ್ನು ಈಗಿನಿಂದಲೇ ದೂರವಿಡಿ, ಹೆರಿಗೆಯಾಗಿ ವರದಿ ಬರುವವರೆಗೂ ಬೇಡ. ಅಂಟಿನ ಉಂಡೆ ಅವ್ವ ಎಷ್ಟು ಬೇಕಾದರೂ ಕೊಡಲಿ.

ಗರ್ಭಿಣಿ: ಕಾಯಿಲೆ ಇದೆ ಅಂತಾದರೆ ದುಡ್ಡು? ನಾವು ಮಾರುಕಟ್ಟೆಯ ಕೂಲಿಯವರು.

ವೈದ್ಯೆ: 2021ರಲ್ಲಿ ಕೇಂದ್ರ ಸರ್ಕಾರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ತಂದಿತು. ಅದರಡಿ ಮೊದಲು ಗುರುತಿಸಿದ ಎಂಟು ಉತ್ಕೃಷ್ಟತಾ ಕೇಂದ್ರಗಳಲ್ಲಿ ಪರೇಲಿನ ಕೆಇಎಂ ಆಸ್ಪತ್ರೆ ಒಂದು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಇನ್ನೊಂದು. ಪಟ್ಟಿಯಲ್ಲಿರುವ ಕಾಯಿಲೆಯಾದರೆ ಈ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ನಿಮಗೆ ಕೆಇಎಂ ದೂರವಲ್ಲ. ಇಲ್ಲಿಂದ ವಾಶಿ, ಹಾರ್ಬರ್ ಲೈನಿನಲ್ಲಿ ಕುರ್ಲಾ, ಅಲ್ಲಿ ಬದಲಾಯಿಸಿದರೆ ಪರೇಲ್. ಅಕ್ಕ ಭಾವ ಊರಿನಿಂದ ಬರಲಾಗದಿದ್ದರೆ ಬೆಂಗಳೂರಿಗೆ ಹೋಗಲಿ. ಎರಡೂ ಕಡೆಗೆ ನಾನು ಪತ್ರ ಬರೆದುಕೊಡುತ್ತೇನೆ. ಆದರೆ ಆ ನೆರವಿನ ಬಾಗಿಲು ತೆರೆಯುವುದೂ ಕಾಯಿಲೆಗೆ ಹೆಸರು ಸಿಕ್ಕ ಮೇಲೆ.

ಗರ್ಭಿಣಿ: ನನ್ನಂಥವಳ ಮಾತನ್ನು ದೊಡ್ಡ ಆಸ್ಪತ್ರೆಯಲ್ಲಿ ಯಾರು ಕೇಳ್ತಾರೆ ಡಾಕ್ಟರ್? ಅಜ್ಜಿಯ ಮಾತನ್ನೇ ಕೇಳಲಿಲ್ಲ.

ವೈದ್ಯೆ: ನಾರ್ವೆಯಲ್ಲಿ ಬೋರ್ಗ್ನಿ ಎಗೆಲಾಂಡ್ ಎಂಬ ತಾಯಿ ಇದ್ದರು. ಇಬ್ಬರು ಮಕ್ಕಳ ಬುದ್ಧಿ ಬೆಳೆಯಲಿಲ್ಲ, ಮೈಯಿಂದ ವಿಚಿತ್ರ ವಾಸನೆ. ವೈದ್ಯರಿಂದ ವೈದ್ಯರಿಗೆ ಅಲೆದರು, ಉತ್ತರ ಸಿಗಲಿಲ್ಲ. ಬಿಡಲಿಲ್ಲ. ಕೊನೆಗೆ ಆಸ್‌ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರು ಆ ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅದು ಹಸಿರಾಯಿತು. ಯಾವುದರಿಂದ ಹಸಿರಾಯಿತೆಂದು ಬೆನ್ನುಹತ್ತಿ 1934ರಲ್ಲಿ ಫಿನೈಲ್‌ಕೀಟೋನ್ಯೂರಿಯಾವನ್ನು ಲೋಕಕ್ಕೆ ತಿಳಿಸಿದರು. ಆ ಇಬ್ಬರು ಮಕ್ಕಳಿಗೆ ಅದರಿಂದ ಉಪಯೋಗವಾಗಲಿಲ್ಲ. ಆದರೆ ಮುಂದೆ ರಾಬರ್ಟ್ ಗುತ್ರಿ ಅದೇ ಕಾಯಿಲೆಗೆ ಹಿಮ್ಮಡಿಯ ರಕ್ತದ ಚುಕ್ಕೆಯ ಪರೀಕ್ಷೆ ಕಂಡುಹಿಡಿದರು. ಲಕ್ಷಾಂತರ ಶಿಶುಗಳು ಅದರ ಫಲ ಉಂಡವು. ವಾಸನೆ ಹಿಡಿದವಳು ತಾಯಿ, ಪಟ್ಟು ಹಿಡಿದವಳೂ ತಾಯಿ. ನೀವೂ ಪಟ್ಟು ಹಿಡಿಯಬೇಕು. ಈ ಚೀಟಿಯನ್ನು ಹೆರಿಗೆಯ ಫೈಲಿನ ಮೊದಲ ಪುಟಕ್ಕೆ ಅಂಟಿಸಿ. ಓದುತ್ತೇನೆ: ಅಕ್ಕನ ಎರಡು ಶಿಶುಗಳು, ಗಂಡು ಒಂದು ಹೆಣ್ಣು ಒಂದು, ಮೊದಲ ವಾರದಲ್ಲಿ ಮರಣ. ಎರಡನೆಯದಕ್ಕೆ ತೀವ್ರ ಆಮ್ಲತೆ, ಕಲ್ಚರ್ ನಕಾರಾತ್ಮಕ. ಸೋದರಮಾವನ ಜೊತೆ ವಿವಾಹ. ಹಾಲು ಬಿಟ್ಟರೆ ತಡಮಾಡದೆ ಅಮೋನಿಯಾ ಮತ್ತು ಬ್ಲಡ್ ಗ್ಯಾಸ್. ಇದರ ಕೆಳಗೆ ನನ್ನ ಫೋನ್ ನಂಬರ್ ಇದೆ. ಯಾವ ಹೊತ್ತಿಗಾದರೂ ಸರಿ.

ಗರ್ಭಿಣಿ: ಒಂದು ಕೇಳ್ತೇನೆ, ನಿಜ ಹೇಳಿ. ಕಾಯಿಲೆ ಇದ್ದು, ಎಲ್ಲ ಸರಿಯಾಗಿ ಮಾಡಿದರೆ ಕೂಸು ಉಳಿಯುತ್ತದೆಯೇ?

ವೈದ್ಯೆ: ಯಾವ ಕಾಯಿಲೆ ಅನ್ನುವುದರ ಮೇಲಿದೆ. ಕೆಲವು ಕಾಯಿಲೆಗಳಲ್ಲಿ ಉಳಿದು, ಶಾಲೆಗೆ ಹೋಗಿ, ಎಲ್ಲರಂತೆ ಬೆಳೆಯುತ್ತವೆ. ಕೆಲವದರಲ್ಲಿ ಉಳಿದರೂ ಜ್ವರ ಬಂದಾಗಲೆಲ್ಲ ಆಸ್ಪತ್ರೆ, ಜೀವನಪೂರ್ತಿ ಪಥ್ಯ. ಕೆಲವದರಲ್ಲಿ ನಾವು ಎಷ್ಟು ಮಾಡಿದರೂ ಸೋಲುತ್ತೇವೆ. ಹದಿನಾರರಲ್ಲಿ ಹದಿನೈದು ಪಾಲು ನಿಮ್ಮ ಕೂಸು ಆರೋಗ್ಯವಾಗಿಯೇ ಹುಟ್ಟುತ್ತದೆ. ಆ ಒಂದು ಪಾಲಿನ ಎದುರು ಈ ಸಲ ನಾವು ಕುರುಡರಾಗಿ ನಿಲ್ಲುವುದಿಲ್ಲ. ಇಷ್ಟನ್ನು ನಾನು ಮಾತು ಕೊಡಬಲ್ಲೆ.

ಗರ್ಭಿಣಿ: ಅಷ್ಟು ಸಾಕು. ಅಕ್ಕನಿಗೆ ಈಗಲೇ ಫೋನ್ ಮಾಡ್ತೇನೆ. ಅವಳದು ತಪ್ಪಿಲ್ಲ ಅನ್ನುವುದನ್ನು ಮೊದಲು ಹೇಳಿ, ರಕ್ತದ ಮಾತು ಆಮೇಲೆ ಎತ್ತುತ್ತೇನೆ.

ವೈದ್ಯೆ: ಭಾವನನ್ನೂ ಕರೆಸಿ. ಅವಳೊಬ್ಬಳ ರಕ್ತದಿಂದ ಅರ್ಧ ಉತ್ತರವಷ್ಟೇ ಸಿಗುತ್ತದೆ. ಬರಲು ಹಿಂದೆಮುಂದೆ ನೋಡಿದರೆ ಫೋನು ನನಗೆ ಕೊಡಿ, ನಾನೇ ಮಾತಾಡುತ್ತೇನೆ.